ದೂರು ವಿಭಾಗದ ಕೈಗೆ ಸಿಕ್ಕ ಸಾಮ್ರಾಜ್ಯ

"ಈ ಸಲ ನನ್ನ ಸರದಿಯಲ್ಲಿ ನಮ್ಮ ರಾಜ್ಯದ ಗಡಿ ನದಿ ದಾಟದೇ ಹೋದರೆ ಮೀಸೆ ಬೋಳಿಸಿಕೊಳ್ತೀನಿ!" ಎಂದು ಫೋನಿನಲ್ಲಿ ಆಟದ ಗುಂಪಿಗೆ ಸಂದೇಶ ಕಳಿಸಿ ಚಕ್ರವರ್ತಿಗಳು ಕುರ್ಚಿಗೆ ಒರಗಿದರು. ಅವರಿಗೆ ಮೀಸೆಯೇ ಇರಲಿಲ್ಲ. ಗುಂಪಿನವರು ಯಾರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲವಾದ್ದರಿಂದ ಈ ಪ್ರತಿಜ್ಞೆಯಲ್ಲಿ ಯಾವ ಅಪಾಯವೂ ಇರಲಿಲ್ಲ.

ಚಕ್ರವರ್ತಿ ಎಂಬುದು ಅವರು ತಮಗೆ ತಾವೇ ದಯಪಾಲಿಸಿಕೊಂಡ ಬಿರುದು. ಹೊಟ್ಟೆಪಾಡಿಗೆ ಅವರು ಕಟ್ಟುಹಲ್ಲು ಮಾಡುತ್ತಿದ್ದರು. ದಂತವೈದ್ಯರು ಕಳಿಸಿದ ಅಚ್ಚಿನ ಮೇಲೆ ಮೇಣ ಹಚ್ಚಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಡುವ ಕೆಲಸ. ಹಲ್ಲು ಚೆನ್ನಾಗಿ ಕೂತರೆ ಹೊಗಳಿಕೆ ವೈದ್ಯರಿಗೆ, ಕೂರದಿದ್ದರೆ ಬೈಗುಳ ಇವರಿಗೆ! ಮನೆಯಲ್ಲೂ ಇವರ ಮಾತು ನಡೆಯುತ್ತಿದ್ದುದು ಅಷ್ಟಕ್ಕಷ್ಟೆ. ಇಡೀ ಪ್ರಪಂಚದಲ್ಲಿ ಇವರು ಬಾಯಿ ತೆರೆದರೆ ನಾಲ್ಕು ಜನ ಕೇಳುವ ಜಾಗ ಆ ಗುಂಪು ಒಂದೇ. ಅಲ್ಲಿನ ಮರ್ಯಾದೆಯನ್ನು ಅವರು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡು ಬಂದಿದ್ದರು.

ಆಟ ಇಷ್ಟೇ. ಕಂಪ್ಯೂಟರಿನೊಳಗೆ ಒಂದು ಬಡಕಲು ರಾಜ್ಯ. ಸುತ್ತ ಬಲಿಷ್ಠ ರಾಜರು. ಕಲ್ಲಿನ ಕಾಲದಿಂದ ವಿಮಾನದ ಕಾಲದವರೆಗೆ ಆ ರಾಜ್ಯವನ್ನು ಜೀವಂತ ಉಳಿಸಬೇಕೆಂಬುದು ಗುಂಪು ಹಾಕಿಕೊಂಡ ಪಂಥ. ಎಲ್ಲರಿಗೂ ಸೇರಿ ಒಂದೇ ರಾಜ್ಯ! ಒಬ್ಬರು ಒಂದಷ್ಟು ಕಾಲ ಆಳಿ, ಆಟದ ಕಡತವನ್ನು ಮುಂದಿನವರಿಗೆ ಕಳಿಸಬೇಕು. ಔಷಧಿ ಅಂಗಡಿಯವನಿಂದ ಗಣಿತದ ಟೀಚರಿಗೆ, ಟೀಚರಿಂದ ಬಸ್ ಡ್ರೈವರಿಗೆ, ಡ್ರೈವರನಿಂದ ಚಕ್ರವರ್ತಿಗಳಿಗೆ. ತಪ್ಪು ಮಾಡಿದರೆ ಹಿಂದಿನ ಕಡತ ತೆರೆದು ಮತ್ತೆ ಆಡುವಂತಿಲ್ಲ. ಈ ಕಠೋರ ನಿಯಮ ತಂದವರು ಚಕ್ರವರ್ತಿಗಳೇ. ಹಿಂದೊಮ್ಮೆ ಡ್ರೈವರ್ ಕೈತಪ್ಪಿ ಒಂದು ಮೀನುಗಾರರ ಹಳ್ಳಿ ಕಳೆದುಕೊಂಡು, "ಇನ್ನೊಂದ್ಸಲ ಆಡ್ಲಾ ಸಾರ್?" ಎಂದು ಅಂಗಲಾಚಿದಾಗ, "ಇತಿಹಾಸಕ್ಕೆ ರಬ್ಬರ್ ಇಲ್ಲ!" ಎಂದು ಗುಡುಗಿದ್ದರು.

ಅಂದು ರಜೆ. ಬೆಳಿಗ್ಗೆಯೇ ಕೂತು ಸೈನ್ಯವನ್ನೆಲ್ಲ ನದಿಯ ದಡಕ್ಕೆ ತಂದು ನಿಲ್ಲಿಸಿದ್ದರು. ಇನ್ನೇನು ದಾಳಿ, ಅಷ್ಟರಲ್ಲಿ ವೈದ್ಯರ ಫೋನು.

"ನೀವು ಮಾಡಿದ ಹಲ್ಲು ಹಾಕಿದ ಮೇಲೆ ಈ ಅಜ್ಜಿ ಬಾಯಿ ಮುಚ್ತಾ ಇಲ್ಲ! ತಕ್ಷಣ ಬನ್ನಿ!"

"ಮಾತಾಡ್ತಾ ಇದಾರಾ?"

"ಅಯ್ಯೋ, ಮುಚ್ಚೋಕೆ ಆಗ್ತಾ ಇಲ್ಲ ಕಣ್ರೀ! ಇಲ್ಲಿ ಅವರ ಮಗ ಕೂಗಾಡ್ತಿದಾನೆ!"

ಚಕ್ರವರ್ತಿಗಳು ಕಟ್ಟುಹಲ್ಲು ತೀಡುವ ಅರದ ಪೆಟ್ಟಿಗೆ ಹಿಡಿದು ಎದ್ದರು. "ಕಂಪ್ಯೂಟರ್ ಆರಿಸಿ ಹೋಗಿ," ಎಂದರು ಅಡುಗೆಮನೆಯಿಂದ ಹೆಂಡತಿ.

"ಬೇಡ ಬಿಡು. ಇದು ಸರದಿಯ ಆಟ. ನಾನು ಗುಂಡಿ ಒತ್ತುವವರೆಗೆ ಅಲ್ಲಿ ಸೂರ್ಯ ಕೂಡ ಹುಟ್ಟೋ ಹಾಗಿಲ್ಲ!"

ಸೂರ್ಯ ಹುಟ್ಟುವ ಹಾಗಿರಲಿಲ್ಲ, ನಿಜ. ಆದರೆ ಅವರ ಹೆಂಡತಿ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಪಳಗಿದ ಕೈ. ಅಲ್ಲಿನ ಕಂಪ್ಯೂಟರಿನಲ್ಲಿ ಒಂದೊಂದು ದೂರಿಗೆ ಒಂದೊಂದು ಕೆಂಪು ಚುಕ್ಕೆ. ಎಲ್ಲ ಚುಕ್ಕೆ ಆರುವವರೆಗೆ ಕುರ್ಚಿ ಬಿಟ್ಟು ಏಳಕೂಡದೆಂಬುದು ಆಕೆ ಇಷ್ಟು ವರ್ಷ ಪಾಲಿಸಿಕೊಂಡು ಬಂದ ವ್ರತ. ಈಗ ಯಾವುದೋ ರಸೀದಿ ಮುದ್ರಿಸಿಕೊಳ್ಳಲು ಗಂಡನ ಕಂಪ್ಯೂಟರಿನ ಮುಂದೆ ಬಂದು ಕೂತ ಆಕೆಗೆ ಆಟದ ಪರದೆಯ ಮೂಲೆಯಲ್ಲಿ, ಉತ್ತರಕ್ಕೆ ಕಾದು ಮಿಣಮಿಣ ಎನ್ನುವ ಕೆಂಪು ಚುಕ್ಕೆಗಳ ಸಾಲು ಕಂಡಿತು. ರಜೆಯ ದಿನವಾದರೂ ಜೀವ ತಡೆಯಲಿಲ್ಲ.

ಅಜ್ಜಿಯ ಬಾಯಿ ಮುಚ್ಚಿಸಿ ಚಕ್ರವರ್ತಿಗಳು ಮನೆಗೆ ಬಂದಾಗ ಹೆಂಡತಿ ಬಟ್ಟೆ ಮಡಚುತ್ತಿದ್ದರು. ಇವರು ಪರದೆ ನೋಡಿದರು. ನದಿ ದಡದಲ್ಲಿ ಸೈನ್ಯ ಇಲ್ಲ. ಬಂದರಿನ ಮೇಲೆ ಪಕ್ಕದ ರಾಣಿಯ ಹಸಿರು ಬಾವುಟ ಹಾರುತ್ತಿದೆ!

"ಇದನ್ನ ಮುಟ್ಟಿದ್ಯಾ?"

"ಹ್ಞೂಂ. ಎಷ್ಟೊಂದು ಬಾಕಿ ಉಳಿಸಿದ್ರಿ! ಎಲ್ಲ ವಿಲೇವಾರಿ ಮಾಡ್ದೆ."

"ನನ್ನ ಸೈನ್ಯ ಎಲ್ಲೇ?"

"ಸಂಬಳ ಇಲ್ಲ, ಮನೆಗೆ ಕಳಿಸೋದಾ ಅಂತ ಕೇಳ್ತು. ಪಾಪ, ಎಷ್ಟು ದಿನದಿಂದ ನಿಂತಿದ್ರೋ. ಕಳಿಸಿ ಅಂದೆ."

"ಬಂದರು?"

"ಆ ಹಸಿರು ಸೀರೆಯಾಕೆ ಕೇಳಿದ್ರು. ಒಂದ್ಸಲ ಅಲ್ಲ, ಪದೇ ಪದೇ. ಒಬ್ಬರನ್ನ ಎಷ್ಟು ಸಲ ಅಂತ ಅಲೆಸೋದು? ಕೊಟ್ಟೆ. ಥ್ಯಾಂಕ್ಸ್ ಅಂತ ಕೂಡ ಹೇಳಿದ್ರು, ಎಷ್ಟು ಒಳ್ಳೆ ಹೆಂಗಸು!"

"ಅದು ನಮ್ಮ ಕಡುವೈರಿ ಕಣೇ! ಅದು ಸೀರೆ ಅಲ್ಲ, ಯುದ್ಧದ ನಿಲುವಂಗಿ!" ಚಕ್ರವರ್ತಿಗಳು ತಲೆಯ ಮೇಲೆ ಕೈಹೊತ್ತು ಕುಸಿದರು. ಅವರ ಮುಖ ಅವರದೇ ಪ್ಲಾಸ್ಟರ್ ಅಚ್ಚಿನ ಬಣ್ಣಕ್ಕೆ ತಿರುಗಿತ್ತು.

ಹೆಂಡತಿಗೆ ಅಯ್ಯೋ ಅನಿಸಿತು. "ಹಳೇದು ಇರುತ್ತಲ್ಲಾ, ಅದನ್ನೇ ತೆಗೀರಿ."

"ಆಗಲ್ಲ. ಇತಿಹಾಸಕ್ಕೆ ರಬ್ಬರ್ ಇಲ್ಲ."

"ಯಾರು ಹೇಳಿದ್ದು?"

"ನಾನೇ!"

"ಹಾಗಾದ್ರೆ ನೀವೇ ಈಗ ಇದೆ ಅಂತ ಹೇಳಿ."

ಹೇಳಬಹುದಿತ್ತು. ಆದರೆ ಡ್ರೈವರನ ಮುಂದೆ ಯಾವ ಬಾಯಲ್ಲಿ ಹೇಳುವುದು? ಕದ್ದು ಹಳೆಯ ಕಡತ ತೆರೆಯಲೆಂದು ಕೈ ಚಾಚಿದರು, ವಾಪಸ್ ಎಳೆದುಕೊಂಡರು. ಉಳಿದದ್ದು ಒಂದೇ ದಾರಿ, ಪರಾಕ್ರಮ! ಬಂದರನ್ನು ಗೆದ್ದು ಮರಳಿ ಪಡೆಯುವುದು! ರಾಜ್ಯದಲ್ಲಿ ಉಳಿದಿದ್ದ ಸಮಸ್ತ ಸೇನೆಯನ್ನೂ ಒಟ್ಟುಗೂಡಿಸಿದರು. ಅಂದರೆ ಕುದುರೆ ಇಲ್ಲದ ಒಬ್ಬ ಬೇಹುಗಾರ, ಮತ್ತು ಗುಡ್ಡದ ಮೇಲೆ ಎಲ್ಲರೂ ಮರೆತುಬಿಟ್ಟಿದ್ದ ಒಂದು ಬಿಲ್ಲಾಳುಗಳ ಪಡೆ. ಹಲ್ಲು ಕಚ್ಚಿ ರಾಣಿಯ ಮೇಲೆ ಯುದ್ಧ ಸಾರಿದರು.

ಅಷ್ಟು ಹೊತ್ತು ನಗುನಗುತ್ತಿದ್ದ ರಾಣಿ ಒಮ್ಮೆ ಹುಬ್ಬು ಗಂಟಿಕ್ಕಿದಳು. ಬೇಹುಗಾರ ಹೋದ. ಬಿಲ್ಲಾಳುಗಳು ಹೋದರು. ಗಣಿಯ ಊರು ಹೋಯಿತು, ಟೀಚರ್ ಆಸೆಪಟ್ಟು ಕಟ್ಟಿಸಿದ್ದ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಕೊನೆಗೆ ಶಾಂತಿ ಬೇಡಿ ಕಾಲಿಗೆ ಬೀಳುವಷ್ಟರಲ್ಲಿ ರಾಜಧಾನಿ ಒಂದು, ಅದರ ಪಕ್ಕ ಒಂದು ಕುರಿದೊಡ್ಡಿ ಉಳಿದಿತ್ತು.

"ನಾನು ಬಂದರು ಒಂದೇ ಕೊಟ್ಟಿದ್ದೆ," ಎಂದರು ಹೆಂಡತಿ ದಿಂಬಿನ ಗವಸು ಮಡಚುತ್ತ.

ಫೋನು ಕಿಣಿಕಿಣಿ ಎಂದಿತು. ಡ್ರೈವರನ ಸಂದೇಶ. "ಚಕ್ರವರ್ತಿಗಳೇ, ನದಿ ದಾಟಿದ್ರಾ?"

ಚಕ್ರವರ್ತಿಗಳ ಕಣ್ಣು ತುಂಬಿ ಬಂತು. ಇನ್ನು ಯಾವ ಮುಖ ಹೊತ್ತು ಗುಂಪಿನಲ್ಲಿ ಇರುವುದು? ಮರ್ಯಾದೆ ಹೋದ ಮೇಲೆ ಘನತೆಯಿಂದಲಾದರೂ ಹೊರಡೋಣವೆಂದು ರಾಜೀನಾಮೆ ಬರೆಯಲು ಕೂತರು. 'ಮಹನೀಯರೇ, ವಿಧಿಯ ಕ್ರೂರ ಆಟದಿಂದಲೂ, ಮನೆಯೊಳಗಿನ ಆಡಳಿತದ ಒಂದು ಸಣ್ಣ ಲೋಪದಿಂದಲೂ, ಆಮೇಲೆ ಮುಖ್ಯವಾಗಿ ನನ್ನಿಂದಲೂ, ರಾಜ್ಯವು ಕುರಿದೊಡ್ಡಿಯ ಗಾತ್ರಕ್ಕೆ ಇಳಿದಿದೆ. ಸಿಂಹಾಸನ ತ್ಯಜಿಸುತ್ತಿದ್ದೇನೆ. ದಯವಿಟ್ಟು ತಡೆಯಬೇಡಿ.' ತಡೆಯಲೆಂದೇ ಆ ಕೊನೆಯ ಸಾಲು ಬರೆದದ್ದು. ಕಳಿಸಿ, ಉಗುರು ಕಚ್ಚುತ್ತ ಕಾದರು.

ಮೊದಲು ಬರೆದವನು ಔಷಧಿ ಅಂಗಡಿಯವನು. "ಕುರಿದೊಡ್ಡಿ ಉಳೀತಾ? ಭೇಷ್! ನಾನು ರಾಜಧಾನಿನೂ ಹೋಗಿರತ್ತೆ ಅಂದ್ಕೊಂಡಿದ್ದೆ."

ಚಕ್ರವರ್ತಿಗಳಿಗೆ ಅರ್ಥವಾಗಲಿಲ್ಲ. ಟೀಚರ್ ಬಿಡಿಸಿ ಬರೆದರು. "ಬೇಜಾರು ಮಾಡ್ಕೋಬೇಡಿ ಸಾರ್. ನಿಮ್ಮ ಸರದಿ ಬರೋ ಮುಂಚೆ ನಾವೆಲ್ಲ ಕಣಜ ತುಂಬಿಸಿ, ಕೋಟೆ ಗಟ್ಟಿ ಮಾಡಿಟ್ಟಿರ್ತೀವಿ. ಬರಗಾಲ ಬರುತ್ತೆ ಅಂತ ಗೊತ್ತಾದ್ರೆ ಮಾಡ್ತಾರಲ್ಲ, ಹಾಗೆ. ನೀವು ಆಡಿದ್ಮೇಲೆ ಮತ್ತೆ ಕಟ್ತೀವಿ."

"ಮೊದಲಿಂದಲೂ?" ಎಂದು ಚಕ್ರವರ್ತಿಗಳು ಬರೆದರು.

"ಮೊದಲಿಂದಲೂ."

ಅವರಿಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು. ಇಷ್ಟು ದಿನ ಅವರ ಅಬ್ಬರದ ಭಾಷಣಗಳನ್ನೆಲ್ಲ ಈ ಜನ ಸುಮ್ಮನೆ ಕೇಳಿದ್ದು ಇದಕ್ಕಾ! ಕೊನೆಯ ಮಾನ ಉಳಿಸಿಕೊಳ್ಳಲು, "ಹಾಗಾದರೆ ನನ್ನ ರಾಜೀನಾಮೆ ಖಚಿತ," ಎಂದು ಬರೆದರು.

ಈಗ ಎಲ್ಲರೂ ಒಟ್ಟಿಗೆ ಮುಗಿಬಿದ್ದರು. ಬೇಡ ಸಾರ್, ಹೋಗಬೇಡಿ ಸಾರ್ ಎಂದು ಸಂದೇಶಗಳ ಸುರಿಮಳೆ. ಚಕ್ರವರ್ತಿಗಳ ಜೀವಕ್ಕೆ ಒಂದಿಷ್ಟು ತಂಪಾಯಿತು. ಹೆಂಡತಿ ಕೂಡ ಮಡಚುವುದನ್ನು ಬಿಟ್ಟು ಹೆಗಲ ಮೇಲಿಂದ ಬಗ್ಗಿ ನೋಡಿದರು. ಆಗ ಬಂತು ಡ್ರೈವರನ ಸಂದೇಶ.

"ದಯವಿಟ್ಟು ಬಿಟ್ಟು ಹೋಗಬೇಡಿ ಸಾರ್. ಕಂಪ್ಯೂಟರ್ ರಾಜರನ್ನ ನಾವು ಯಾವತ್ತೋ ಸುಲಭವಾಗಿ ಗೆದ್ದುಬಿಡ್ತಿದ್ವಿ. ನೀವು ಆಡಿದ ಮೇಲೂ ಈ ರಾಜ್ಯ ಬದುಕುತ್ತಾ ಅಂತ ನೋಡೋಕೇ ತಾನೇ ನಾವೆಲ್ಲ ಇಲ್ಲಿ ಸೇರಿರೋದು!"