ಕೊಡೆ ಮಡಚಿ ನಿಂತವರು

ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಮಳೆಯಲ್ಲಿ ಹೊರಬಿದ್ದವನು ಫಜೀತಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಎದುರು ಬಂದು ನಮಸ್ಕಾರ ಹೇಳುತ್ತದೆ. ನನಗೆ ಹೇಳಿದ್ದು ಐವತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ.

ಆಗ ನಾನು ದಾವಣಗೆರೆಯ ಒಂದು ಸ್ಟುಡಿಯೋದಲ್ಲಿ ಫೋಟೋ ತೊಳೆಯುವ ಕತ್ತಲೆಕೋಣೆಯ ಕೆಲಸಗಾರ. ಮಾಲೀಕರನ್ನು ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ನಾಲ್ಕು ವರ್ಷ ಅವರು ತೆಗೆದದ್ದನ್ನು ತೊಳೆದದ್ದೇ ತೊಳೆದದ್ದು. ಬೀದಿಗೆ ಕಾಣುವ ಶೋಕೇಸಿನಲ್ಲಿ ನಾನು ತೆಗೆದದ್ದು ಒಂದೇ ಒಂದು ಇರಲಿಲ್ಲ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ! ಆಷಾಢದ ಜಡಿಮಳೆ ಹಿಡಿದು ಗಿರಾಕಿಗಳೂ ಇಲ್ಲವಾದಾಗ ಧೈರ್ಯ ಮಾಡಿ, ನನಗೂ ಒಂದು ಸಲ ಕ್ಯಾಮೆರಾ ಕೊಡಿ ಅಂತ ಬಾಯಿಬಿಟ್ಟೆ.

ಉಸ್ತಾದ್ ಒಂದು ಮಡಚುವ ಕ್ಯಾಮೆರಾ ಕೈಗಿಟ್ಟರು. "ಒಂದು ರೀಲು, ಎಂಟು ಚಿತ್ರ. ಮಳೆ ಅಂದ್ರೆ ಮಳೆ ಕಾಣಬೇಕು ಬೇಟಾ. ಒಂದು ಚೆಂದ ಬಂದ್ರೂ ಶೋಕೇಸಿಗೆ ಹಾಕ್ತೀನಿ. ಬರಲಿಲ್ಲಾ, ಮತ್ತೆ ಕ್ಯಾಮೆರಾ ಕೇಳಬ್ಯಾಡ."

ಲೋಕಿಕೆರೆಯ ಗಾಡಿ

ಮಂಡಿಪೇಟೆಯಲ್ಲಿ ಲೋಕಿಕೆರೆಯ ರೈತನೊಬ್ಬ ಗೋಣಿಚೀಲದ ಕೊಪ್ಪೆ ಹೊದ್ದು ಗಾಡಿ ಹೊಡೆದುಕೊಂಡು ಬರುತ್ತಿದ್ದ. ಕೊಪ್ಪೆಯ ಅಂಚಿನಿಂದ ನೀರು, ಎತ್ತುಗಳ ಮೈಯಿಂದ ಹಬೆ. ಆಹಾ!

"ಹಂಗೇ ಇರ್ರಿ ಯಜಮಾನ್ರೇ, ಒಂದು ಫೋಟೋ."

"ಈ ಅವತಾರದಾಗಾ? ತಲೆ ಸರಿ ಐತೇನ್ರಿ ನಿಮಗೆ? ತಡೀರಿ" ಅಂದವನೇ ಎತ್ತಿನ ಹಗ್ಗ ನನ್ನ ಕೈಗೆ ಕೊಟ್ಟು ಪರಿಚಯದ ಬಟ್ಟೆ ಅಂಗಡಿಗೆ ನುಗ್ಗಿದ. ಕೋಟಿನೊಳಗೆ ಕ್ಯಾಮೆರಾ, ಕೈಯಲ್ಲಿ ಹಗ್ಗ, ನಾನು ನೆನೆಯುತ್ತಾ ನಿಂತೆ. ಅರ್ಧ ಗಂಟೆ ಬಿಟ್ಟು ಇಸ್ತ್ರಿ ಅಂಗಿ, ಕರಿ ಟೋಪಿ, ಹಣೆ ತುಂಬ ವಿಭೂತಿ ಧರಿಸಿ ಮದುಮಗನಂತೆ ಹೊರಬಂದ. ಅಷ್ಟರಲ್ಲಿ ಮಳೆ ನಿಂತು ಬಿಸಿಲು ಬಿದ್ದಿತ್ತು. ತೆಗೆಯದಿದ್ದರೆ ಅವನು ಬಿಡಬೇಕಲ್ಲ, ಒಂದು ತೆಗೆದೆ.

"ನೋಡಿದ್ರಾ? ಫೋಟೋ ಅಂದ ಕೂಡ್ಲೆ ದೇವ್ರೇ ಮಳೆ ನಿಲ್ಲಿಸಿದ" ಅಂದ.

ಬಿಸಿ ಮಿರ್ಚಿ

ಮರುದಿನ ಮಂಡಕ್ಕಿ-ಮಿರ್ಚಿ ಅಂಗಡಿ. ಒಂದು ಹರಕು ತಾಡಪತ್ರಿಯ ಕೆಳಗೆ ಹತ್ತು ತಲೆ, ನಡುವೆ ಬಾಣಲೆ. ಅಂಗಡಿಯಮ್ಮ ನನ್ನನ್ನು ನೋಡಿದ್ದೇ ತಡ, "ಒಂದೆರಡು ಮಿರ್ಚಿ ಇದ್ರೆ ಏನು ಚೆಂದ? ತಡಿಯಪ್ಪಾ!" ಅಂತ ಹಿಟ್ಟಿನಲ್ಲಿದ್ದ ಅಷ್ಟೂ ಮೆಣಸಿನಕಾಯಿಯನ್ನು ಒಮ್ಮೆಗೇ ಎಣ್ಣೆಗೆ ಬಿಟ್ಟಳು. ಹುರುಪಿನಲ್ಲಿ ಮೂರು ಚಿತ್ರ ಹೊಡೆದೆ. ಲೆನ್ಸಿಗೆ ಹಬೆ ಕೂತದ್ದು ಯಾರಿಗೆ ಗೊತ್ತು?

ಆಮೇಲೆ ತೊಳೆದಾಗ ಮೂರರಲ್ಲೂ ಬರೀ ಹೊಗೆ. ಉಸ್ತಾದ್ ಹಿಡಿದು ನೋಡಿ, "ಪಾಪ, ಯಾರ ಮನೆಗೆ ಬೆಂಕಿ ಬಿತ್ತು?" ಅಂದರು.

ಹರಿಹರದ ಹೊಳೆ

ಒಂದು ಎಮ್ಮೆ, ಇಬ್ಬರು ಸೈಕಲ್ಲಿನವರು ಅಲ್ಲಾಡಿ ಇನ್ನೂ ಮೂರು ಚಿತ್ರ ಹಾಳಾದವು. ಉಳಿದದ್ದು ಒಂದೇ. ಹೊಳೆ ತುಂಬಿ ಬಂದಿದೆ ಅಂತ ಸುದ್ದಿ ಕೇಳಿ ಹರಿಹರದ ಬಸ್ಸು ಹತ್ತಿದೆ.

ದಂಡೆಯ ಮೇಲೆ ನಲವತ್ತು ಜನ ನನಗೆ ಬೆನ್ನು ಮಾಡಿ ನಿಂತಿದ್ದರು. ಸಾಲಾಗಿ ಕರಿ ಕೊಡೆ, ಆಚೆ ಕೆಂಪು ನೀರು. ಇದೇ ನನ್ನ ಶೋಕೇಸು! ಕ್ಯಾಮೆರಾ ಬಿಚ್ಚುವಷ್ಟರಲ್ಲಿ ಪೇಟ ಸುತ್ತಿದ ಹಿರಿಯರೊಬ್ಬರು ತಿರುಗಿ, "ಏ, ಫೋಟೋದವ್ರು ಬಂದಾರೆ!" ಅಂತ ಕೂಗಿದರು. ಎಲ್ಲರೂ ತಿರುಗಿದರು.

"ಹೊಳೆ ಕಡೆ ನೋಡ್ರಿ, ಹೊಳೆ ಕಡೆ!" ಅಂತ ಅರಚಿದೆ.

"ಫೋಟೋಕ್ಕೆ ಯಾರಾದ್ರೂ ಬೆನ್ನು ಕೊಡ್ತಾರೇನ್ರಿ?" ಅಂದ ಹಿರಿಯರು ಜನರತ್ತ ತಿರುಗಿ, "ಕೊಡೆ ಮಡಚ್ರೋ, ಮಕ ಕಾಣಲ್ಲ!" ಅಂದರು.

ನಲವತ್ತು ಕೊಡೆ ಮಡಚಿಕೊಂಡವು. ಧೋ ಎನ್ನುವ ಮಳೆಯಲ್ಲಿ ನಲವತ್ತು ಜನ ಕೈ ನೆಟ್ಟಗೆ ಇಳಿಬಿಟ್ಟು, ರೆಪ್ಪೆ ಬಡಿಯದೆ ನಿಂತರು. ಅಳು ಬಂತು. ಅಳುತ್ತಲೇ ಒತ್ತಿದೆ.

ಚಿತ್ರ ನೋಡಿ ಉಸ್ತಾದ್, "ಹೊಳೆ ಎಲ್ಲಿ?" ಅಂದರು.

"ಅವರ ಹಿಂದೆ ಐತ್ರಿ."

ಮೊದಲು ಉಸ್ತಾದರ ಹೊಟ್ಟೆ ನಗುವಿಗೆ ಕುಲುಕಿತು, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅರೆ ಬೇಟಾ, ಮಳೆ ಅಂದ್ರೆ ಇದು!" ಅಂದವರೇ ದೊಡ್ಡದು ಮಾಡಿಸಿ ಶೋಕೇಸಿನ ನಡುವೆ ತಾವೇ ಇಟ್ಟರು. ಆ ದಿನ ನಾನು ಏಳು ಸಲ ಆ ಬೀದಿಯಲ್ಲಿ ಸುಮ್ಮಸುಮ್ಮನೆ ಓಡಾಡಿದೆ. ಅಂಥ ಖುಷಿ ನನ್ನ ಮದುವೆಯ ದಿನವೂ ಆಗಲಿಲ್ಲ.

ವಾರ ಬಿಟ್ಟು ಅದೇ ಹಿರಿಯರು ಹರಿಹರದಿಂದ ಬಂದರು. ಗಾಜಿಗೆ ಮೂಗು ಒತ್ತಿ ನೋಡಿ ಒಳಗೆ ಬಂದರು.

"ಫೋಟೋ ಭಾಳ ಚೆಂದ ಬಂದೈತೆ. ಮಕದ ಮ್ಯಾಗಿನ ಸಿಡುಬಿನ ಕಲೆ ಪೆನ್ಸಿಲಿನಾಗೆ ತೆಗೀತೀರಂತಲ್ಲ, ಹಂಗೇ ಈ ಮಳೆ ತೆಗೆದುಬಿಡ್ರಿ. ಅಲ್ಲೀತನಕ ಇದನ್ನ ಒಳಗಿಡ್ರಿ, ಊರಿನ ಮರ್ಯಾದಿ ಪ್ರಶ್ನೆ."

ನಾನು ಶೋಕೇಸಿಗೆ ಅಡ್ಡ ಬಂದು ನಿಂತೆ. ಉಸ್ತಾದ್ ಗಿರಾಕಿಗೆ ಎಂದೂ ಇಲ್ಲ ಅಂದವರಲ್ಲ. ಗಡ್ಡ ನೀವಿಕೊಂಡು, "ಮಳೆ ತೆಗೀಬಹುದು ಯಜಮಾನ್ರೇ. ಅಂಗಿ ಹೆಂಗೆ ಒಣಗಿಸೋಣ?" ಅಂದರು.

ಹಿರಿಯರು ಶೋಕೇಸಿನತ್ತ ತಿರುಗಿ ಚಿತ್ರದ ಅಂಗಿಗಳನ್ನು ಒಂದೊಂದಾಗಿ ನೋಡಿದರು.

"ಅದೂ ಖರೇನ. ಇದು ಹಿಂಗೇ ಇರ್ಲಿ ಬಿಡ್ರಿ. ನಾಳೆ ನಲವತ್ತೂ ಮಂದಿ ಒಣಾ ಅಂಗಿ ಹಾಕ್ಕೊಂಡು ಇಲ್ಲಿಗೇ ಬರ್ತೀವಿ. ನೀವು ಪರದೆ ಮ್ಯಾಲೆ ಒಂದು ಹೊಳೆ ಬರೆಸಿಟ್ಟಿರ್ರಿ."