ಐದು ಬಾಟಲಿ ನೀರು, ನಲವತ್ತೊಂದು ಉಲ್ಲೇಖ

ಪ್ರಿನ್ಸಿಪಾಲ್ ಗಂಗಾಂಬಿಕಾ ಸ್ಟಾಫ್ ರೂಮಿನಲ್ಲಿ ಒಂದು ಸಂಖ್ಯೆ ಓದಿದರು. ರಸಾಯನಶಾಸ್ತ್ರದ ಭೀಮರಾಜು ಬಾಯಲ್ಲಿದ್ದ ಇಡ್ಲಿ ನುಂಗುವುದನ್ನೇ ಮರೆತ.

"ನಮ್ಮ ಕಾಲೇಜಿನ ಸಂಶೋಧನಾ ಲೇಖನಗಳನ್ನ ಒಟ್ಟು ನಲವತ್ಮೂರು ಸಲ ಉಲ್ಲೇಖ ಮಾಡಿದ್ದಾರೆ. ಅದರಲ್ಲಿ ನಲವತ್ತೊಂದು ಭೀಮರಾಜು ಅವರ ಒಂದೇ ಲೇಖನಕ್ಕೆ."

"ಮಿಕ್ಕ ಎರಡು?" ಇತಿಹಾಸದ ಅಂಜನ್ ಕುಮಾರ್ ಕೇಳಿದ.

"ಎರಡೂ ನಿಮ್ಮದೇ. ನಿಮ್ಮನ್ನ ನೀವೇ ಉಲ್ಲೇಖಿಸಿಕೊಂಡಿದ್ದೀರಿ."

ಮಧುಗಿರಿಯ ಆ ಕಾಲೇಜಿನ ಸಂಶೋಧನೆಯನ್ನು ಅಳೆಯಲು ಮಧ್ಯಾಹ್ನ ವಿಶ್ವವಿದ್ಯಾಲಯದಿಂದ ತಂಡ ಬರುವುದಿತ್ತು. ಎಲ್ಲರೂ ಭೀಮರಾಜುವಿನ ಬೆನ್ನು ತಟ್ಟಿದರು. ಅವನ ಬೆನ್ನು ಆಗಲೇ ಬೆವೆತಿತ್ತು. ತಂಡದವರು ಉಲ್ಲೇಖ ಎಣಿಸಿಕೊಂಡು ಹೋದರೆ ಸರಿ. ಲೇಖನ ಓದಿ, ಒಂದು ಪ್ರಶ್ನೆ ಕೇಳಿದರೂ ಕೆಲಸವೇ ಹೋಗಬಹುದು.

ಆರು ವರ್ಷದ ಹಿಂದೆ ಅವನು ಫ್ಲೋರೈಡ್ ಅಳೆಯಲು ಪಾವಗಡದ ಕಡೆಯ ಒಂದು ಹಳ್ಳಿಗೆ ಹೋಗಿದ್ದ. ಬೋರ್‌ವೆಲ್ ದೂರ, ಬಿಸಿಲು ಜೋರು. ಜಗಲಿಯ ಮೇಲಿದ್ದ ಇಂದ್ರಮ್ಮ, "ನೀವು ಕೂತ್ಕಳಿ ಸಾ, ನಾನು ತುಂಬ್ಕೊಡ್ತೀನಿ" ಎಂದು ಐದು ಬಾಟಲಿ ತುಂಬಿಸಿಕೊಟ್ಟರು. ಆ ನೀರಿನಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲ ಎಂದು ಭೀಮರಾಜು ಲೇಖನ ಬರೆದ. ಫ್ಲೋರೈಡ್ ನೀರು ಕುಡಿದು ಹಳ್ಳಿಯವರ ಹಲ್ಲಿಗೆ ಬಿದ್ದಿದ್ದ ಕಂದು ಗೆರೆಗಳನ್ನು ಒಮ್ಮೆ ನೋಡಿದ್ದರೂ ಬರೆಯುತ್ತಿರಲಿಲ್ಲ.

ಮರುವರ್ಷ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಇಂದ್ರಮ್ಮ ತಾವಾಗಿಯೇ ಹೇಳಿದ್ದರು: "ಮೇಷ್ಟ್ರು ಮನೆಗೆ ಬಂದವ್ರೆ, ಆ ಉಪ್ಪು ನೀರು ಕೊಡಾಕಾಯ್ತದಾ? ಅದ್ಕೇ ನಮ್ಮೂರ ಫಿಲ್ಟರಿಂದ ತಂದಿಟ್ಟಿದ್ದ ನೀರು ತುಂಬ್ಕೊಟ್ಟೆ ನಾಯನಾ."

ಅಂದಿನಿಂದ ಅವನಿಗಿದ್ದ ಧೈರ್ಯ ಒಂದೇ: ಇಂಥ ಲೇಖನಗಳನ್ನು ಯಾರೂ ಓದುವುದಿಲ್ಲ.

"ಮೇಡಂ, ನನ್ನ ಲೇಖನ ಪಟ್ಟಿಯಿಂದ ತೆಗೆದುಬಿಡಿ" ಎಂದು ಹೋಗಿ ಕೇಳಿದ.

"ಇಷ್ಟೊಂದು ವಿನಯ ಒಳ್ಳೇದಲ್ಲ ಭೀಮರಾಜು" ಎಂದರು ಗಂಗಾಂಬಿಕಾ. ಹಾರಕ್ಕೆ ಆಗಲೇ ಹೇಳಿಯಾಗಿತ್ತು.

ಯಾರೂ ಇಲ್ಲದಾಗ ಫೈಲಿನಿಂದ ಲೇಖನ ಕಿತ್ತು ಟಿಫಿನ್ ಕ್ಯಾರಿಯರ್ ಕೆಳಗೆ ಬಚ್ಚಿಟ್ಟ. ಅಂಜನ್ ಕುಮಾರ್ ಹತ್ತೇ ನಿಮಿಷದಲ್ಲಿ ಹುಡುಕಿ ತೆಗೆದ. "ಯಾರೋ ಹೊಟ್ಟೆಕಿಚ್ಚಿಗೆ ಕಿತ್ತಿದ್ದಾರೆ ಸಾರ್. ಬಿಡ್ತೀನಾ? ಆರು ಜೆರಾಕ್ಸ್ ಮಾಡಿಸಿದೆ. ಒಂದು ನೋಟಿಸ್ ಬೋರ್ಡಿಗೂ ಅಂಟಿಸಿದೆ."

ಭೀಮರಾಜುವಿನ ಮುಖ ಹಿಂಡಿದ ಹುಣಸೆಹಣ್ಣಿನಂತಾಯಿತು.

"ಇನ್ನೊಂದು ಸಂತೋಷದ ಸುದ್ದಿ. ಲೇಖನದ ಕೊನೇಲಿ ಇಂದ್ರಮ್ಮಂಗೆ ಕೃತಜ್ಞತೆ ಹೇಳಿದ್ದೀರಲ್ಲ, ಅವರನ್ನೂ ಕರೆಸಿದ್ದೀನಿ. ಅವರ ಊರಿನ ಹುಡುಗಿ ನನ್ನ ಕ್ಲಾಸಲ್ಲೇ ಇದ್ದಾಳೆ."

ಒಂದೂವರೆಯ ಬಸ್ಸಿನಿಂದ ಇಂದ್ರಮ್ಮ ಕಡ್ಲೆಕಾಯಿ ಚೀಲದೊಂದಿಗೆ ಇಳಿದರು. ಭೀಮರಾಜು ಗೇಟಿನಲ್ಲೇ ಅಡ್ಡ ನಿಂತ.

"ಅಮ್ಮಾ, ಫಿಲ್ಟರ್ ಮಾತು ಎತ್ತಬೇಡಿ. ಹಲ್ಲು ಬಿಟ್ಟು ನಗೋದೂ ಬೇಡ."

"ನಗಾದೂ ಬ್ಯಾಡ್ವಾ? ಯಾರ್ ಸತ್ತವ್ರೆ?"

ತಂಡದ ಮುಖ್ಯಸ್ಥೆ ರಾಧಾಮಣಿ ಲೇಖನದ ಪ್ರತಿ ಹಿಡಿದೇ ಬಂದರು. ಲೇಖಕರನ್ನೂ ನೀರು ಕೊಟ್ಟವರನ್ನೂ ಬಿಟ್ಟು ಉಳಿದವರೆಲ್ಲ ಹೊರಗಿರಲಿ ಎಂದರು.

"ಬೋರ್ ನೀರು ನೀವೇ ಹಿಡಿದು ಕೊಟ್ಟಿದ್ದಾ?"

ಇಂದ್ರಮ್ಮ ಭೀಮರಾಜುವಿನ ಕಡೆ ನೋಡಿದರು. ಅವನು ಫ್ಯಾನಿನ ಕಡೆ ನೋಡಿದ.

"ಸುಳ್ಳು ಯಾಕ್ ಹೇಳ್ಲಿ ಕಣಮ್ಮ. ಅದು ಫಿಲ್ಟರ್ ನೀರು."

"ಲೇಖನ ಇವತ್ತೇ ವಾಪಸ್ ತಗೋತೀನಿ ಮೇಡಂ" ಎಂದು ಭೀಮರಾಜು ಕೈಮುಗಿದ.

ರಾಧಾಮಣಿ ಎದ್ದು ಬಾಗಿಲಿನ ಚಿಲಕ ಹಾಕಿದರು. "ಕೂತ್ಕೊಳ್ಳಿ. ಆ ನಲವತ್ತೊಂದರಲ್ಲಿ ಮೊದಲನೇದು ಯಾರದ್ದು ಗೊತ್ತಾ?"

"ಇಲ್ಲ. ನಾನೂ ಓದಿಲ್ಲ."

"ನನ್ನದು. ಆ ನೀರಲ್ಲಿ ಫ್ಲೋರೈಡ್ ಯಾಕಿಲ್ಲ ಅಂತ ಬರೆದೆ. ಬಂಡೆಯ ಗುಣ ಅಂದೆ. ಅದನ್ನ ಮುನ್ನೂರು ಜನ ಉಲ್ಲೇಖಿಸಿದ್ದಾರೆ. ಮೂವರಿಗೆ ಪಿಎಚ್‌ಡಿ ಆಗಿದೆ. ನೀವು ಐದು ಬಾಟಲಿ ವಾಪಸ್ ತಗೊಂಡ್ರೆ ನಾನು ಏನೇನು ವಾಪಸ್ ಕೊಡ್ಲಿ?"

ಸಂಜೆ ಅಂಗಳದಲ್ಲಿ ಚಪ್ಪಾಳೆ. ಕಾಲೇಜಿಗೆ ಒಳ್ಳೆಯ ಅಂಕ. ಇನ್ನು ಮೂರು ವರ್ಷ ಪ್ರತಿ ತಿಂಗಳೂ ಭೀಮರಾಜು ಅದೇ ಮನೆಯಿಂದ ನೀರು ತಂದು ಅಳೆಯಬೇಕು, ಮೊದಲ ಪರೀಕ್ಷೆ ಸೋಮವಾರವೇ, ಹೊರಗಿನ ತಜ್ಞರ ಎದುರಿಗೆ ಎಂದು ರಾಧಾಮಣಿ ಘೋಷಿಸಿದರು. ಹಾರದೊಳಗಿಂದ ಭೀಮರಾಜು ನಿಟ್ಟುಸಿರು ಬಿಟ್ಟ. ಹೇಗೂ ಇಂದ್ರಮ್ಮನ ಮನೆಯಲ್ಲಿ ಫಿಲ್ಟರ್ ನೀರೇ ಇರುತ್ತದಲ್ಲ.

"ಸೋಮವಾರ ಬರ್ತೀನಮ್ಮ" ಎಂದ ಮೆಲ್ಲಗೆ. "ಅದೇ ನೀರು ಇಟ್ಟಿರಿ."

"ಎಲ್ಲಿಂದ ಇಡ್ಲಿ? ನಮ್ಮೂರ ಫಿಲ್ಟರ್ ಕೆಟ್ಟು ಆರು ತಿಂಗ್ಳಾಯ್ತು. ಈಗ ಬೋರ್ ನೀರೇ ಕುಡೀತಾ ಇದ್ದೀವಿ. ಎಷ್ಟು ಅರ್ಜಿ ಕೊಟ್ರೂ ಯಾರೂ ತಿರುಗಿ ನೋಡ್ಲಿಲ್ಲ. ಮೇಷ್ಟ್ರಿಗಾದ್ರೂ ಹೇಳಾಣ ಅಂತ್ಲೇ ಬಸ್ ಹತ್ತಿದ್ದು."

ಭೀಮರಾಜು ಪಕ್ಕದಲ್ಲೇ ನಿಂತು ಕೇಳುತ್ತಿದ್ದ ರಾಧಾಮಣಿಯನ್ನು ನೋಡಿದ. ರಾಧಾಮಣಿ ಗಡಿಯಾರ ನೋಡಿದರು. "ಸೋಮವಾರದೊಳಗೆ ಆ ಫಿಲ್ಟರ್ ರಿಪೇರಿ ಆಗ್ಲೇಬೇಕು. ಪಾವಗಡಕ್ಕೆ ಮುಂದಿನ ಬಸ್ ಎಷ್ಟೊತ್ತಿಗೆ?"

ಹಾರ ತೆಗೆಯಲೂ ಮರೆತು ಭೀಮರಾಜು ಗೇಟಿನತ್ತ ಓಡಿದ.

"ನಿಧಾನ ನಾಯನಾ" ಎಂದು ಇಂದ್ರಮ್ಮ ಹಿಂದಿನಿಂದ ಕೂಗಿದರು. ಇನ್ನು ಯಾರ ಅಡ್ಡಿಯೂ ಇಲ್ಲವೆಂದು, ಕಂದು ಗೆರೆಗಳೆಲ್ಲ ಕಾಣುವಂತೆ ಬಾಯ್ತುಂಬ ನಕ್ಕರು.