ಹಿಂದಿನ ಕೋಣೆಯ ಮಹಾಚುನಾವಣೆ

ನೀವೇ ಹೇಳಿ, ಅಚ್ಚುಕೂಟದ ಪ್ರೂಫ್ ತಿದ್ದಿ ಸಂಸಾರ ಸಾಗಿಸೋ ಮನುಷ್ಯನಿಗೆ ಮನೆಯಲ್ಲಿ ಒಂದು ಮೇಜಿಡೋಕೆ ಜಾಗ ಬೇಡವೇ? ನಾನು ಕೂರೋದು ಅಡುಗೆಮನೆಯಲ್ಲಿ. ಒಂದು ಕಾಮಾ ಹಾಕುವಷ್ಟರಲ್ಲಿ ಪುಟದ ಮೇಲೆ ಒದ್ದೆ ಪಾತ್ರೆ ಬಂದು ಕೂತಿರುತ್ತೆ. ಅದಕ್ಕೇ ಅತ್ತೆಯವರ ಹಿಂದಿನ ಕೋಣೆಯ ಮೇಲೆ ಕಣ್ಣು ಹಾಕಿದೆ. (ಅತ್ತೆ ಅಂದ್ರೆ ನನ್ನವಳ ತಾಯಿ. ಅವರ ಮಂಚ ಹಾಲ್‌ಗೆ, ನನ್ನ ಮೇಜು ಕೋಣೆಗೆ. ಇಷ್ಟೇ ನನ್ನ ಆಸೆ.)

ಆಗ ನಾನು ತಿದ್ದುತ್ತಿದ್ದದ್ದು ಮತದಾನದ ಹಕ್ಕು ಯಾರಿಗಿರಬೇಕು ಅನ್ನೋ ದಪ್ಪ ಪುಸ್ತಕ. ತಲೆಗೇರದೆ ಇರುತ್ತಾ? ಭಾನುವಾರ ಮನೆಮಂದಿಯನ್ನೆಲ್ಲ ಕೂರಿಸಿ, "ಪ್ರಜಾಪ್ರಭುತ್ವದ ಪ್ರಕಾರ ಓಟು ಹಾಕೋಣ" ಎಂದು ಘೋಷಿಸಿದೆ. ಘೋಷಿಸಿದ ಮೇಲೆ ಹೊಳೆಯಿತು, ಹೆಂಡತಿ, ಮಗಳು, ಅತ್ತೆ ಮೂವರೂ ಒಂದೇ ಪಕ್ಷ. ನನ್ನ ಠೇವಣಿ ಹೋಗೋದು ಗ್ಯಾರಂಟಿ.

"ಆದ್ರೆ ಮಗಳು ಚಿಕ್ಕವಳು, ಓಟಿಲ್ಲ" ಎಂದೆ.

"ನಿಮ್ಮ ಫೋನು ಸರಿ ಮಾಡೋವಾಗ ದೊಡ್ಡವಳು, ಈಗ ಚಿಕ್ಕವಳಾ ಅಪ್ಪಾ?"

"ಅತ್ತೆಯವರಿಗೂ ಇಲ್ಲ. ಮರೆವು ಜಾಸ್ತಿ. ಸಾಲದ್ದಕ್ಕೆ ಅವರದೇ ಕೋಣೆ, ನಿಷ್ಪಕ್ಷಪಾತವಾಗಿ ಹ್ಯಾಗೆ ಯೋಚಿಸ್ತಾರೆ?"

ನನ್ನವಳು ಸೌಟು ಹಿಡಿದೇ ಬಂದಳು. "ರೀ, ಎತ್ತೋದು ಅಮ್ಮನ ಮಂಚ, ಕೇಳೋದು ಬೇರೆಯವರನ್ನಾ? ಬುದ್ಧಿ ಇದೆಯಾ ನಿಮಗೆ?"

"ಬುದ್ಧಿ ಇರೋರಿಗೆ ಮಾತ್ರ ಓಟು ಅಂತ ಪುಸ್ತಕದಲ್ಲೇ ಇದೆ ಕಣೇ!" (ಅದನ್ನು ಖಂಡಿಸೋಕೆ ಬರೆದಿದ್ದರು. ಆ ವಿಷಯ ನಾನು ಎತ್ತಲಿಲ್ಲ.)

ಮತದಾರರು ಅಂತ ಉಳಿದದ್ದು ನಾವಿಬ್ಬರೇ. ಸಮ ಸಮ ಬಂದರೆ ಯಜಮಾನನ ಮಾತೇ ಅಂತಿಮ ಅಂದೆ. ಗೆದ್ದೂಬಿಟ್ಟೆ!

ಬಟ್ಟೆ ಮಡಚುತ್ತಿದ್ದ ಅತ್ತೆ ಆಗ ತಲೆ ಎತ್ತಿದರು. "ನನ್ನನ್ನೂ ಒಂದು ಮಾತು ಕೇಳಿದ್ರೆ ನಿಮ್ಮ ಕಡೆಗೇ ಹಾಕ್ತಿದ್ದೆ ಅಳಿಯಂದ್ರೇ. ಅಲ್ಲಿ ಗೋಡೆ ನೋಡಿ ನೋಡಿ ಸಾಕಾಗಿದೆ. ಹಾಲಲ್ಲಾದ್ರೆ ಬರೋರು ಹೋಗೋರು ನಾಲ್ಕು ಮಾತಾಡಿಸ್ತಾರೆ. ಆದ್ರೆ ಎದುರಿಗೇ ಕೂತಿರೋಳನ್ನ ಇಲ್ಲವೇ ಇಲ್ಲ ಅನ್ನಿಸಿಬಿಟ್ರಲ್ಲ."

ನನಗೆ ನಿಜಕ್ಕೂ ನಾಚಿಕೆಯಾಯ್ತು. ಅವರ ಬದಲು ನಾನೇ ತೀರ್ಮಾನಿಸೋ ಗಡಿಬಿಡಿಯಲ್ಲಿ ಅವರನ್ನೇ ಕೇಳಿರಲಿಲ್ಲ.

"ತಪ್ಪಾಯ್ತು ಅತ್ತೆ. ಚುನಾವಣೆ ರದ್ದು. ಎಲ್ಲರಿಗೂ ಓಟು" ಎಂದೆ.

ಮರುಮತದಾನ ನಡೆಯಿತು. ಮಂಚ ಹಾಲ್‌ಗೆ ಬರಲಿ ಅಂತ ಎಲ್ಲರ ಕೈಯೂ ಮೇಲೆದ್ದಿತು. ಖಾಲಿಯಾಗೋ ಕೋಣೆ ಯಾರಿಗೆ ಅಂದಾಗ, ನನ್ನದೊಂದು ಕೈ ಬಿಟ್ಟು ಮಿಕ್ಕ ಕೈಗಳೆಲ್ಲ ಮಗಳಿಗೆ! ಅವಳ ಪರೀಕ್ಷೆ ಹತ್ತಿರ ಬಂತಂತೆ. ಬಂದಿರೋದೂ ನಿಜವೇ.

ಕೊನೆಗೆ ಮಂಚ ಹೊರೋರು ಯಾರು ಅನ್ನೋ ಪ್ರಶ್ನೆ ಬಂತು. ಆ ಸ್ಥಾನಕ್ಕೆ ನಾನು ಅವಿರೋಧವಾಗಿ ಆಯ್ಕೆಯಾದೆ.